ಲ್ಯಾಸಿಕ್ ಆಗಿ ಮೂರು ವಾರಕ್ಕೆ ಕಣ್ಣು ಕೆಂಪಾದರೆ ಹಳೇ ಡ್ರಾಪ್ಸ್ ಸಾಕಾ?

ಕನ್ನಡಕ ಬಿಡಲೆಂದು ಲ್ಯಾಸಿಕ್ ಎಂಬ ಲೇಸರ್ ಆಪರೇಷನ್ ಮಾಡಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. ಸಾಲದು ಅನ್ನುವುದಕ್ಕಿಂತ, ಹಾಕಲೇಬೇಡಿ. ಮನೆಯಲ್ಲಿ ಉಳಿದಿರುವ ಆ ಬಾಟಲಿ ಬಹುಪಾಲು ಉರಿಯೂತ ಇಳಿಸುವ ಸ್ಟೆರಾಯ್ಡಿನದೇ ಆಗಿರುತ್ತದೆ.

ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಲ್ಯಾಸಿಕ್‌ನಲ್ಲಿ ಅದರ ಮೇಲಿನ 100–120 ಮೈಕ್ರಾನ್ ಪದರವನ್ನು ಒಂದು ಅಂಚು ಉಳಿಸಿ ಕೊಯ್ದು, ಪುಸ್ತಕದ ಹಾಳೆಯಂತೆ ಮಗುಚಿ, ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಈ ಹಾಳೆಗೆ ಫ್ಲಾಪ್ ಎನ್ನುತ್ತಾರೆ. ಸೋಂಕು ಅಪರೂಪ, ನಿಜ. ಆದರೆ ಫ್ಲಾಪಿನ ಅಡಿ ಸೇರಿಕೊಂಡ ಕ್ರಿಮಿಗೆ ಮೇಲಿಂದ ಹಾಕಿದ ಹನಿ ಸರಿಯಾಗಿ ತಲುಪುವುದಿಲ್ಲ.

ಮೊದಲ ವಾರದಲ್ಲೇ ನೋವು, ಪಿಸುರು ಬಂದರೆ ಸಾಮಾನ್ಯವಾಗಿ ಸ್ಟೆಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ. ಎರಡು ವಾರ ದಾಟಿ ಬರುವುದು ಬೇರೆ ಜಾತಿ: ಶಿಲೀಂಧ್ರ, ಇಲ್ಲವೇ ಕ್ಷಯದ ಕ್ರಿಮಿಯ ದೂರದ ನೆಂಟನಾದ ಮೈಕೋಬ್ಯಾಕ್ಟೀರಿಯಂ ಕೆಲೋನೆ. ಇದು ನೀರಿನಲ್ಲಿರುವ ಕ್ರಿಮಿ. ಉಪಕರಣ ತೊಳೆಯಲು ಶುದ್ಧೀಕರಿಸದ ನೀರು ಬಳಸಿದರೆ ಸಾಕು, ಒಳಗೆ ಬರುತ್ತದೆ.

ಎಡವುವುದು ಈ ಸೋಂಕನ್ನು ಡಿಎಲ್‌ಕೆ ಎಂದುಕೊಂಡು; ಅದು ಕ್ರಿಮಿಯಿಲ್ಲದೆ ಫ್ಲಾಪಿನ ಅಡಿ ಆಗುವ ಉರಿಯೂತ. ಅದು ಸಾಮಾನ್ಯವಾಗಿ ಮೊದಲ ಕೆಲವೇ ದಿನಗಳಲ್ಲಿ ಕಾಣಿಸುತ್ತದೆ. ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಫ್ಲಾಪಿನ ಅಡಿ ರವೆ ಉದುರಿಸಿದ ಹಾಗೆ ತೆಳ್ಳಗೆ ಹರಡಿರುತ್ತದೆ, ನೋವು ಕಡಿಮೆ, ಸ್ಟೆರಾಯ್ಡಿಗೆ ಬಗ್ಗುತ್ತದೆ. ಸೋಂಕಾದರೆ ಒಂದೆರಡು ಗಟ್ಟಿ ಬಿಳಿ ಚುಕ್ಕೆ, ಮೇಲಕ್ಕೋ ಆಳಕ್ಕೋ ಬೇರು ಬಿಟ್ಟಂತೆ. ಇದಕ್ಕೆ ಸ್ಟೆರಾಯ್ಡ್ ಹಾಕಿದರೆ ಕೆಂಪು ಇಳಿದು ವಾಸಿಯಾಯಿತೆನಿಸುತ್ತದೆ. ಒಳಗೆ ಕ್ರಿಮಿ ಬೆಳೆಯುತ್ತಲೇ ಇರುತ್ತದೆ. ಮೂರನೇ ವಾರದಲ್ಲಿ ಹೊಸದಾಗಿ ಕಂಡ ಚುಕ್ಕೆಯನ್ನು ಡಿಎಲ್‌ಕೆ ಎಂದು ಒಪ್ಪಿಕೊಳ್ಳುವ ಮುಂಚೆ ಸೋಂಕಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು.

ಸರಿಯಾದ ಕ್ರಮವೆಂದರೆ ಸ್ಟೆರಾಯ್ಡ್ ನಿಲ್ಲಿಸಿ, ಫ್ಲಾಪ್ ಎತ್ತಿ, ಅಡಿಯಿಂದ ಕೆರೆದು ಸ್ಲೈಡಿಗೆ ಹಾಕುವುದು: ಬ್ಯಾಕ್ಟೀರಿಯಾಕ್ಕೆ ಗ್ರಾಮ್, ಶಿಲೀಂಧ್ರಕ್ಕೆ ಕೆಒಎಚ್, ಮೈಕೋಬ್ಯಾಕ್ಟೀರಿಯಂಗೆ ಜೀಲ್-ನೀಲ್ಸನ್, ಮೂರೂ ಪರೀಕ್ಷೆ. ಮೈಕೋಬ್ಯಾಕ್ಟೀರಿಯಂ ಶಂಕೆಯಿದೆ ಎಂದು ಚೀಟಿಯಲ್ಲಿ ಬರೆಯದಿದ್ದರೆ ಲ್ಯಾಬಿನವರು ಎರಡು ದಿನಕ್ಕೇ, ಕ್ರಿಮಿ ಬೆಳೆದು ಕಾಣುವ ಮುಂಚೆಯೇ, ಕಲ್ಚರ್ ತಟ್ಟೆ ಎಸೆದುಬಿಡಬಹುದು. ಕೆರೆದ ಜಾಗವನ್ನು ಆಂಟಿಬಯಾಟಿಕ್‌ನಿಂದ ತೊಳೆದು ಮುಚ್ಚಿ, ಆಮೇಲೆ ಹನಿ ಅರ್ಧ ಗಂಟೆಗೊಮ್ಮೆ, ರಾತ್ರಿಯೂ. ಮೈಕೋಬ್ಯಾಕ್ಟೀರಿಯಂ ಆದರೆ ಸಾಮಾನ್ಯವಾಗಿ ಅಮಿಕಾಸಿನ್ ಎಂಬ ಆಂಟಿಬಯಾಟಿಕ್, ಜತೆಗೆ ಇನ್ನೊಂದು. ಚಿಕಿತ್ಸೆ ವಾರಗಟ್ಟಲೆ ಎಳೆಯುತ್ತದೆ. ಬಗ್ಗದಿದ್ದರೆ ಫ್ಲಾಪನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಹಾಗಾಗಿ ಒಂದು ಕಣ್ಣು ಕೆಂಪಾಗಿ, ಬೆಳಕು ಚುಚ್ಚಿ, ದೃಷ್ಟಿ ಮಂಜಾದರೆ ಮದ್ರಾಸ್ ಐ ಇರಬೇಕೆಂದು ಮೆಡಿಕಲ್ ಶಾಪಿಗೆ ಹೋಗಬೇಡಿ. ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ ಆಪರೇಷನ್ ದಿನಾಂಕ ಹೇಳಿ, ಹಾಕಿದ ಬಾಟಲಿಗಳನ್ನೆಲ್ಲ ತೋರಿಸಿ, ಖಾಲಿಯಾದವನ್ನೂ.