ಬ್ಲೋವರ್ ಮೋಟರ್ ನೀವೇ ಬದಲಿಸಿ, ಆದರೆ ಮೊದಲು ಕರೆಂಟ್ ಬರುವ ದಾರಿ ನೋಡಿ

ಕಾರಿನ ಎ.ಸಿ.ಯಲ್ಲಿ ಮಾಲೀಕರೇ ಕೂತು ಮಾಡಿಕೊಳ್ಳಬಹುದಾದ ರಿಪೇರಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಬ್ಲೋವರ್ ಮೋಟರ್, ಅಂದರೆ ಎ.ಸಿ.ಯ ಗಾಳಿ ನೂಕುವ ಫ್ಯಾನನ್ನು ತಿರುಗಿಸುವ ಮೋಟರ್. ಹೆಚ್ಚಿನ ಕಾರುಗಳಲ್ಲಿ ಅದು ಡ್ರೈವರ್ ಪಕ್ಕದ ಸೀಟಿನ ಮುಂದೆ, ಗ್ಲೋವ್ ಬಾಕ್ಸಿನ ಕೆಳಗೋ ಹಿಂದೋ, ಮೂರು ನಾಲ್ಕು ಸ್ಕ್ರೂಗಳ ಮೇಲೆ ಕೂತಿರುತ್ತದೆ. ಕಪ್ಲರ್ (ವೈರುಗಳನ್ನು ಮೋಟರಿಗೆ ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಬಿಡಿಸಿ ಸ್ಕ್ರೂ ತೆಗೆದರೆ ಫ್ಯಾನ್ ಸಮೇತ ಕೈಗೆ ಬರುತ್ತದೆ. ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವ ನಾನು ಇದನ್ನು ಗಿರಾಕಿಗಳಿಂದ ಮುಚ್ಚಿಡುವುದಿಲ್ಲ. ಜೊತೆಗೆ ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತೇನೆ: ಬಿಚ್ಚಿ ಹಾಕುವುದು ಈ ಕೆಲಸದಲ್ಲಿ ಸುಲಭದ ಭಾಗ. ಮೋಟರ್ ಯಾಕೆ ನಿಂತಿತು ಅಂತ ತಿಳಿಯದೆ ಹೊಸದನ್ನು ಹಾಕಿದರೆ ಆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಗ್ಯಾಸ್ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಹೆದರುವುದು ಅದಕ್ಕೇ. ಎ.ಸಿ. ಗ್ಯಾಸ್ ಓಡಾಡುವುದು ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪಾನ್ಶನ್ ವಾಲ್ವ್ ಮತ್ತು ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ. ಬ್ಲೋವರ್ ಆ ಕಾಯಿಲ್ ಮೇಲೆ ಗಾಳಿ ನೂಕುತ್ತದೆ, ಅಷ್ಟೇ. ಗ್ಯಾಸ್ ಪೈಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಬ್ಲೋವರ್ ಬದಲಿಸಿದ್ದಕ್ಕೆ ಗ್ಯಾಸ್ ತುಂಬಿಸಬೇಕು ಅಂತ ಯಾರಾದರೂ ಹೇಳಿದರೆ ಕಾರಣ ಕೇಳಿ. ಕೆಲವು ಕಾರುಗಳಲ್ಲಿ ಮಾತ್ರ ಡ್ಯಾಶ್‌ಬೋರ್ಡನ್ನೇ ಇಳಿಸಿ ಇಡೀ ಎ.ಸಿ. ಬಾಕ್ಸ್ ಹೊರಗೆ ತರಬೇಕಾಗುತ್ತದೆ. ನಿಮ್ಮದು ಅಂಥ ಕಾರಾದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಇನ್ನು ರೋಗ ಪತ್ತೆ. ನಾಬ್ ತಿರುಗಿಸಿ ವೇಗ ಬದಲಿಸುವ ಕಾರುಗಳಲ್ಲಿ ನಾಬ್ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ಕಡಿಮೆ ವೇಗಗಳಲ್ಲಿ ಕರೆಂಟು ಒಂದು ರೆಸಿಸ್ಟರ್ ಮೂಲಕ, ಅಂದರೆ ಅದನ್ನು ತಡೆದು ಕಡಿಮೆ ಮಾಡುವ ಭಾಗದ ಮೂಲಕ ಹೋಗುತ್ತದೆ. ಕೊನೆಯ ವೇಗದಲ್ಲಿ ರೆಸಿಸ್ಟರ್ ಬದಿಗಿಟ್ಟು ನೇರವಾಗಿ ಮೋಟರಿಗೆ ಬರುತ್ತದೆ. ಹಾಗಾಗಿ ಕೊನೆಯ ವೇಗ ಮಾತ್ರ ಓಡಿ ಉಳಿದವು ಸತ್ತಿದ್ದರೆ ಮೋಟರ್ ಸತ್ತಿಲ್ಲ, ರೆಸಿಸ್ಟರ್ ಹೋಗಿದೆ. ಯಾವ ವೇಗವೂ ಇಲ್ಲದಿದ್ದರೆ ಫ್ಯೂಸ್, ರಿಲೇ (ಕರೆಂಟಿನಿಂದಲೇ ಆನ್ ಆಗುವ ಸ್ವಿಚ್), ವೈರು, ಅರ್ಥ್ (ಕರೆಂಟು ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ), ಮೋಟರ್, ಇಷ್ಟೂ ಅನುಮಾನದಲ್ಲಿವೆ. ಮೋಟರಿನ ತಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಓಡಲು ಶುರುವಾದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು. ಆ ಮೋಟರಿನ ಆಯುಸ್ಸು ಮುಗಿಯುತ್ತಾ ಬಂದಿದೆ. ತಾನಾಗಿಯೇ ತಾಪಮಾನ ನೋಡಿಕೊಳ್ಳುವ ಆಟೋಮ್ಯಾಟಿಕ್ ಎ.ಸಿ. ಇರುವ ಕಾರುಗಳಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅದು ಕೆಟ್ಟರೆ ಬ್ಲೋವರ್ ಪೂರ್ತಿ ನಿಲ್ಲಬಹುದು, ಅಥವಾ ಕೀ ತೆಗೆದರೂ ಓಡುತ್ತಲೇ ಇರಬಹುದು.

ಸದ್ದಿಗೂ ಕಿವಿ ಕೊಡಿ. ಚಳಿಯ ಬೆಳಿಗ್ಗೆ ಹಕ್ಕಿ ಚಿಲಿಪಿಲಿಯಂಥ ಸದ್ದು ಬಂದು ಆಮೇಲೆ ಕಡಿಮೆಯಾದರೆ ಶಾಫ್ಟನ್ನು ಹಿಡಿದು ತಿರುಗಲು ಬಿಡುವ ಬುಷ್ ಒಣಗಿದೆ. ವೇಗ ಏರಿದಂತೆ ಟಕಟಕ ಸದ್ದೂ ಏರಿದರೆ ಫ್ಯಾನಿನೊಳಗೆ ಎಲೆಯೋ ಕಡ್ಡಿಯೋ ಸೇರಿದೆ. ಅದಕ್ಕೆ ಹೊಸ ಮೋಟರ್ ಬೇಕಿಲ್ಲ, ಬಿಚ್ಚಿ ಕೊಡವಿದರೆ ಸಾಕು. ಮೋಟರ್ ಜೋರಾಗಿ ಓಡುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ ಅನ್ನುವವರು ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಲಿ.

ಈಗ ಅಳತೆ. ಈ ಬರಹದಲ್ಲಿ ಒಂದೇ ಪ್ಯಾರಾ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಬಹಳ ಜನ ಕಪ್ಲರ್ ಬಿಡಿಸಿ, ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದು, 12 ವೋಲ್ಟ್ ತೋರಿಸಿತು ಅಂದಕೂಡಲೇ "ಕರೆಂಟ್ ಬರ್ತಾ ಇದೆ, ಮೋಟರ್ ಹೋಗಿದೆ" ಅಂತ ತೀರ್ಮಾನಿಸುತ್ತಾರೆ. ಮಲ್ಟಿಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಮೋಟರಿಗೆ ಬೇಕಾಗುವುದು ಪೂರ್ತಿ ವೇಗದಲ್ಲಿ ಸುಮಾರು 15ರಿಂದ 25 ಆಂಪಿಯರ್. ಆ ಹೊರೆ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದೆಯೇ ಅನ್ನುವುದೇ ಪ್ರಶ್ನೆ. ಮೋಟರ್ ಓಡುತ್ತಿದ್ದರೆ ಕಪ್ಲರ್ ಬಿಡಿಸದೆ, ಹಿಂಬದಿಯಿಂದ ತೆಳು ಪಿನ್ ತೂರಿಸಿ, ಮೋಟರಿನ ಎರಡು ತಂತಿಗಳ ನಡುವೆ ಅಳೆಯಿರಿ. ಓಡದೇ ಇದ್ದರೆ ಕಪ್ಲರಿಗೆ ಒಂದು ಹೆಡ್‌ಲೈಟ್ ಬಲ್ಬ್ ಹಚ್ಚಿ. 55 ವ್ಯಾಟಿನ ಹ್ಯಾಲೊಜನ್ ಬಲ್ಬ್ ನಾಲ್ಕೂವರೆ ಆಂಪಿಯರ್‌ನಷ್ಟು ಎಳೆಯುತ್ತದೆ. ಅದು ಪ್ರಖರವಾಗಿ ಉರಿದರೆ ದಾರಿ ಬಹುಮಟ್ಟಿಗೆ ಸರಿ, ಮಂಕಾದರೆ ದಾರಿಯಲ್ಲೇ ಎಲ್ಲೋ ತಡೆ ಇದೆ.

ಆ ತಡೆ ಏನು ಮಾಡುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಬ್ಯಾಟರಿಯಲ್ಲಿ 12.4 ವೋಲ್ಟ್ ಇದೆ, ಓಡುತ್ತಿರುವ ಮೋಟರಿಗೆ ಮುಟ್ಟುತ್ತಿರುವುದು 10.4 ಅಂತಿಟ್ಟುಕೊಳ್ಳಿ. ನಡುವೆ 2 ವೋಲ್ಟ್ ಕಾಣೆಯಾಗಿದೆ. ಕರೆಂಟು 20 ಆಂಪಿಯರ್ ಆದರೆ ಕಾಣೆಯಾದದ್ದು 40 ವ್ಯಾಟ್. ಅದರಲ್ಲಿ ಬಹುಪಾಲು ಒಂದು ಸಡಿಲ ಪಿನ್ನಿನಲ್ಲೇ ಕಳೆಯುತ್ತಿದ್ದರೆ, ಕಾದ ಸೋಲ್ಡರಿಂಗ್ ಕಡ್ಡಿಯೊಂದನ್ನು ಪ್ಲಾಸ್ಟಿಕ್ ಕಪ್ಲರಿನೊಳಗೆ ಚುಚ್ಚಿಟ್ಟ ಹಾಗೆ. ಬ್ಲೋವರ್ ಕಪ್ಲರ್‌ಗಳು ಕಂದು ಬಣ್ಣಕ್ಕೆ ತಿರುಗಿ ಕರಗುವುದು ಹೀಗೆ. ಫ್ಯೂಸ್ ಇದನ್ನು ತಡೆಯುವುದಿಲ್ಲ, ಯಾಕೆಂದರೆ ತಡೆ ಜಾಸ್ತಿಯಾದಾಗ ಕರೆಂಟು ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ.

ಎರಡು ತಂತಿಗಳ ನಡುವೆಯೇ ಅಳೆಯಿರಿ ಅಂದದ್ದಕ್ಕೂ ಕಾರಣವಿದೆ. ಎಷ್ಟೋ ಕಾರುಗಳಲ್ಲಿ ಪ್ಲಸ್ ನೇರವಾಗಿ ಮೋಟರಿಗೆ ಬಂದಿರುತ್ತದೆ, ರೆಸಿಸ್ಟರ್ ಮತ್ತು ಸ್ವಿಚ್ ಎರಡೂ ಅರ್ಥ್ ಕಡೆ ಇರುತ್ತವೆ. ಅಂಥ ಕಾರಿನಲ್ಲಿ ಮೀಟರಿನ ಒಂದು ಮುಳ್ಳನ್ನು ಕಾರಿನ ಲೋಹದ ಮೈಗೆ ಹಿಡಿದು ಅಳೆದರೆ ಸ್ವಿಚ್ ಆಫ್ ಇದ್ದಾಗಲೂ ಎರಡೂ ತಂತಿಯಲ್ಲಿ 12 ವೋಲ್ಟ್ ಕಾಣುತ್ತದೆ, ತಲೆ ಕೆಡುತ್ತದೆ. ಅರ್ಥ್ ಪರೀಕ್ಷೆಯನ್ನು ಬೇರೆಯಾಗಿ ಮಾಡಿ: ಬ್ಲೋವರ್ ಕೊನೆಯ ವೇಗದಲ್ಲಿರುವಾಗ ಮೋಟರಿನ ಅರ್ಥ್ ತಂತಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಅಳೆದರೆ ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟಿಗಿಂತ ಮೇಲೆ ಹೋದರೆ ನಾನು ಅರ್ಥ್ ಪಾಯಿಂಟ್ ಬಿಚ್ಚಿ, ತುಕ್ಕು ಉಜ್ಜಿ ಬಿಗಿ ಮಾಡಿದ ಮೇಲೇ ಮುಂದಿನ ಕೆಲಸಕ್ಕೆ ಹೋಗುವುದು.

ಇದನ್ನು ಇಷ್ಟು ಎಳೆದು ಹೇಳುತ್ತಿರುವುದು ಕೆಲಸದಲ್ಲಿ ಮತ್ತೆ ಮತ್ತೆ ಕಂಡಿರುವುದರಿಂದ. ಒಬ್ಬರು ಕಾರು ತಂದು ನಿಲ್ಲಿಸಿದರು. "ಅಣ್ಣಾ, ಮೋಟರ್ ನಾನೇ ಹೊಸದು ಹಾಕಿದ್ದೆ, ಚೆನ್ನಾಗೇ ಓಡ್ತಿತ್ತು, ಈಗ ಮತ್ತೆ ನಿಂತಿದೆ. ಪಾರ್ಟೇ ಸರಿ ಇಲ್ಲ ಅನ್ಸುತ್ತೆ" ಅಂದರು. ಕೂರಿಸಿದ ರೀತಿ ನೋಡಿ ನನಗೇ ಖುಷಿಯಾಯಿತು; ಒಂದು ಸ್ಕ್ರೂ ಕೂಡ ಓರೆಯಾಗಿರಲಿಲ್ಲ. ಆದರೆ ಕಪ್ಲರ್ ಹಳೆಯದು, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಉಬ್ಬಿತ್ತು. ಹಳೆಯ ಮೋಟರ್ ಸಾಯುವ ಮೊದಲು ಆ ಪಿನ್ನನ್ನು ಕಾಯಿಸಿ ಅದರ ಹಿಡಿತ ತೆಗೆದುಬಿಟ್ಟಿತ್ತು, ಹೊಸ ಮೋಟರ್ ಅದೇ ಸಡಿಲ ಪಿನ್ನಿಗೆ ಸೇರಿತ್ತು. ಅವರ ಮೋಟರನ್ನು ನೇರ ಬ್ಯಾಟರಿಗೆ, ನಡುವೆ ಫ್ಯೂಸ್ ಇಟ್ಟು ಹಚ್ಚಿದೆ, ಸರಾಗವಾಗಿ ಓಡಿತು. ಕಪ್ಲರ್ ತುಂಡನ್ನು ವೈರ್ ಸಮೇತ ಬದಲಿಸಿ ಅದೇ ಮೋಟರ್ ಮತ್ತೆ ಹಾಕಿ ಕಳಿಸಿದೆ.

ಇದರ ತಿರುವುಮುರುವೂ ನಡೆಯುತ್ತದೆ. ರೆಸಿಸ್ಟರ್ ಸುಟ್ಟಿತು ಅಂತ ಹೊಸದು ಹಾಕುತ್ತಾರೆ, ಅದೂ ಸುಡುತ್ತದೆ. ಅಲ್ಲಿ ತಪ್ಪು ಮೋಟರಿನದು: ಬುಷ್ ಒಣಗಿ ಬಿಗಿಯಾದ ಮೋಟರ್ ಹೆಚ್ಚು ಕರೆಂಟು ಎಳೆಯುತ್ತದೆ, ರೆಸಿಸ್ಟರಿನಲ್ಲಿರುವ ಥರ್ಮಲ್ ಫ್ಯೂಸ್ ಕಾದು ತುಂಡಾಗುತ್ತದೆ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿದರೆ ಕರೆಂಟು ತೋರಿಸುವ ಮೀಟರ್) ಇದ್ದರೆ ಗೊತ್ತಾಗಲು ಕ್ಷಣ ಸಾಕು. ಇಲ್ಲದಿದ್ದರೆ ಮೋಟರ್ ಬಿಚ್ಚಿ ಫ್ಯಾನನ್ನು ಬೆರಳಿನಿಂದ ತಳ್ಳಿ ನೋಡಿ. ಒಳಗಿನ ಅಯಸ್ಕಾಂತದ ಮೆಟ್ಟಿಲು ಮೆಟ್ಟಿಲಾದ ಹಿಡಿತ ಸಹಜ. ತಳ್ಳಿದ ಕೂಡಲೇ ಕಚ್ಚಿ ನಿಂತರೆ ಅಥವಾ ಶಾಫ್ಟ್ ಪಕ್ಕಕ್ಕೆ ಅಲ್ಲಾಡಿದರೆ ಅದನ್ನು ಉಳಿಸುವ ಆಸೆ ಬಿಡಿ. ಕ್ಯಾಬಿನ್ ಫಿಲ್ಟರ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಕಾರುಗಳಲ್ಲಿ ರೆಸಿಸ್ಟರಿಗೆ ಇನ್ನೊಂದು ಕಷ್ಟ: ಅದನ್ನು ತಂಪು ಮಾಡುವುದು ಬ್ಲೋವರಿನ ಗಾಳಿಯೇ, ಗಾಳಿ ಕಟ್ಟಿದರೆ ಅದು ಬೇಯುತ್ತದೆ.

ಹಳೆ ಮೋಟರ್ ಕೈಗೆ ಬಂದಾಗ ಬಿಸಾಡುವ ಮೊದಲು ಅದರ ಮೈ ನೋಡಿ. ತುಕ್ಕಿನ ಗೆರೆ, ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ಮೇಲಿನಿಂದ ನೀರು ಬಿದ್ದಿದೆ. ವೈಪರ್‌ಗಳ ಬುಡದಲ್ಲಿರುವ ಜಾಲರಿಯ ಮೂಲಕವೇ ಹೊರಗಿನ ಗಾಳಿ ಒಳಗೆ ಬರುವುದು; ಅಲ್ಲಿ ಬಿದ್ದ ಮಳೆನೀರು ಹರಿದು ಹೋಗಲು ಎರಡೂ ಬದಿಯಲ್ಲಿ ದಾರಿ ಇರುತ್ತದೆ. ಒಣಗಿದ ಎಲೆ ಕೊಳೆತು ಆ ದಾರಿ ಕಟ್ಟಿದರೆ ನೀರು ಮಟ್ಟ ಏರಿ ಬ್ಲೋವರ್ ಬಾಯಿಗೆ ಇಳಿಯುತ್ತದೆ. ಗಾಜಿನ ಬುಡಕ್ಕೆ ನಿಧಾನವಾಗಿ ನೀರು ಹುಯ್ದು ಅದು ಕಾರಿನ ಕೆಳಗೆ ಸಲೀಸಾಗಿ ಬೀಳುತ್ತದೆಯೇ ನೋಡಿ. ಈ ಒಂದು ಕೆಲಸ ಬಿಟ್ಟು ಹೊಸ ಮೋಟರ್ ಹಾಕಿದವರು ಮುಂದಿನ ಮಳೆಗಾಲದಲ್ಲಿ ಮತ್ತೆ ಗ್ಲೋವ್ ಬಾಕ್ಸ್ ಬಿಚ್ಚಬೇಕಾಗುತ್ತದೆ.

ಬಿಚ್ಚುವ ಕೆಲಸಕ್ಕೆ ಬಂದರೆ, ಕೀ ತೆಗೆದು ಬ್ಯಾಟರಿಯ ಮೈನಸ್ ಬಿಡಿಸಿ ಕೆಲವು ನಿಮಿಷ ಕಾಯಿರಿ. ಪಕ್ಕದ ಸೀಟಿನ ಏರ್‌ಬ್ಯಾಗ್ ನೀವು ತಲೆ ತೂರಿಸುವ ಜಾಗದ ಮೇಲೆಯೇ ಇದೆ. ಅದರ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುತ್ತದೆ. ಎಷ್ಟು ಕಾಯಬೇಕು ಅನ್ನುವುದು ಕಾರಿನ ಪುಸ್ತಕದಲ್ಲಿರುತ್ತದೆ. ಹಳದಿ ಕಪ್ಲರ್, ಹಳದಿ ವೈರು ಕಂಡರೆ ಮೀಟರ್ ಮುಳ್ಳು ಕೂಡ ತಾಗಿಸಬೇಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ: ಮಲಗಿ ಮೇಲೆ ನೋಡುತ್ತಾ ಬಿಚ್ಚುವಾಗ ಧೂಳೆಲ್ಲ ಮುಖಕ್ಕೇ ಬೀಳುತ್ತದೆ, ಇಲಿ ಗೂಡು ಕಟ್ಟಿದ್ದರೆ ಅದೂ ಬೀಳುತ್ತದೆ. ಕಪ್ಲರಿನ ಲಾಕ್ ಒತ್ತಿ ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ಮೋಟರಿಗೆ ಗಾಳಿ ತರುವ ಸಣ್ಣ ರಬ್ಬರ್ ಪೈಪ್ ಇದ್ದರೆ ಬಿಡಿಸಿಡಿ. ಕೊನೆಯ ಸ್ಕ್ರೂ ತೆಗೆಯುವಾಗ ಇನ್ನೊಂದು ಅಂಗೈ ಮೋಟರಿನ ಕೆಳಗಿರಲಿ. ಗೂಡು ಖಾಲಿಯಾದಾಗ ಒಳಗೆ ವ್ಯಾಕ್ಯೂಮ್ ಹಿಡಿದು ಚೊಕ್ಕ ಮಾಡಿ.

ಹೊಸ ಮೋಟರನ್ನು ಫ್ಯಾನ್ ಸಮೇತವೇ ಕೊಳ್ಳಿ. ಹಳೆ ಫ್ಯಾನ್ ಕಿತ್ತು ಹೊಸ ಶಾಫ್ಟಿಗೆ ಬಡಿದು ಕೂರಿಸಿದರೆ ಸಮತೋಲ ಹೋಗಿ ಡ್ಯಾಶ್‌ಬೋರ್ಡ್ ನಡುಗುತ್ತದೆ. ಫ್ಯಾನಿನ ರೆಕ್ಕೆಗೆ ಸಿಕ್ಕಿಸಿದ ಪುಟ್ಟ ಲೋಹದ ಕ್ಲಿಪ್ ಕಂಡರೆ ಕಸ ಅಂತ ತೆಗೆಯಬೇಡಿ, ಅದು ಸಮತೋಲಕ್ಕೆ ಹಾಕಿದ ತೂಕ. ಹಳೆಯದನ್ನು ಪಕ್ಕದಲ್ಲಿಟ್ಟು ಕಪ್ಲರ್, ಸ್ಕ್ರೂ ತೂತು, ತಿರುಗುವ ದಿಕ್ಕು ಮೂರನ್ನೂ ಹೋಲಿಸಿ. ದಿಕ್ಕಿನ ವಿಷಯ ಮುಖ್ಯ. ಪ್ಲಸ್ ಮೈನಸ್ ಅದಲುಬದಲಾದರೆ ಈ ಜಾತಿಯ ಫ್ಯಾನ್ ಗಾಳಿಯನ್ನು ಹಿಂದಕ್ಕೆ ಎಳೆಯುವುದಿಲ್ಲ. ಮುಂದಕ್ಕೇ ನೂಕುತ್ತದೆ, ಆದರೆ ತೀರಾ ಕಡಿಮೆ. ಹೊಸ ಮೋಟರ್ ಹಾಕಿದರೂ ಗಾಳಿ ಸಾಲದು ಅನ್ನುವ ಕಾರು ಬಂದಾಗ ನಾನು ತಿರುಗುವ ದಿಕ್ಕನ್ನೂ ನೋಡುತ್ತೇನೆ.

ಕೂರಿಸುವಾಗ ಸುತ್ತಲಿನ ಫೋಮ್ ಮಡಚಿಕೊಳ್ಳದಿರಲಿ, ಬಿಡಿಸಿಟ್ಟ ರಬ್ಬರ್ ಪೈಪ್ ಮರೆಯದಿರಿ. ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಕ್ಲಿಕ್ ಅಂತ ಹಳೆ ಮರೆಗೆ (ಥ್ರೆಡ್ಡಿಗೆ) ಇಳಿದದ್ದು ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ ಬಿಗಿ ಮಾಡಿ. ಇದರಿಂದ ಹೊಸ ಮರೆ ಕೊರೆದು ತೂತು ಸಡಿಲವಾಗುವುದು ತಪ್ಪುತ್ತದೆ.

ಗ್ಲೋವ್ ಬಾಕ್ಸ್ ಮುಚ್ಚಲು ಅವಸರ ಬೇಡ. ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಎಲ್ಲ ವೇಗಗಳನ್ನೂ ಒಂದೊಂದಾಗಿ ನೋಡಿ. ಗಾಜಿನ ಕಡೆ ಗಾಳಿ ಬಿಡುವ ಗುಂಡಿಯನ್ನೂ ಪರೀಕ್ಷಿಸಿ. ಮಳೆಯಲ್ಲಿ ಮುಂದಿನ ಗಾಜಿನ ಮಂಜು ತೆಗೆಯುವುದು ಇದೇ ಬ್ಲೋವರ್, ಹಾಗಾಗಿ ಇದನ್ನು ಬರೀ ತಂಪಿನ ಸುಖ ಅಂತ ನಾನು ಎಂದೂ ಎಣಿಸಿಲ್ಲ. ಆಮೇಲೆ ಕೊನೆಯ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಲು ಬಿಟ್ಟು ಮೋಟರಿನ ಕಪ್ಲರ್ ಮೈಯನ್ನೂ ರೆಸಿಸ್ಟರಿನ ಕಪ್ಲರ್ ಮೈಯನ್ನೂ ಬೆರಳಿನಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ, ಬಾಕ್ಸ್ ಮುಚ್ಚಿ. ಬೆರಳು ಇಡಲಾಗದಷ್ಟು ಬಿಸಿಯಾದರೆ ಆಫ್ ಮಾಡಿ ಆ ಕಪ್ಲರನ್ನು ಅದೇ ದಪ್ಪದ ಅಥವಾ ಇನ್ನೂ ದಪ್ಪ ವೈರಿನ ಹೊಸ ತುಂಡಿನೊಂದಿಗೆ ಬದಲಿಸಿ, ವೈರು ತಿರುಚಿ ಟೇಪ್ ಸುತ್ತುವ ಬದಲು ಜೋಡಣೆಯನ್ನು ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗಿಟ್ಟು ಅದುಮಿ), ಮತ್ತೆ ಹದಿನೈದು ನಿಮಿಷ ಓಡಿಸಿ ನೋಡಿ.