ಅರ್ಧ ಮಿಲಿಮೀಟರ್ ಚುಕ್ಕೆ

ಮೈಸೂರಲ್ಲಿ ನಮ್ಮ ಮನೆ ಹತ್ತಿರ, ಅಂಗಡಿ ಸಾಲಿನ ಮಹಡಿ ಮೇಲೆ ಪುಟ್ಟ ಶೂಟಿಂಗ್ ರೇಂಜ್ ಇದೆ. ಮಗಳ ಹಟಕ್ಕೆ ಒಂದಿನ ಹೋದೆ. ಈಗ ಭಾನುವಾರ ಬಂದರೆ ಮೊದಲು ಚಪ್ಪಲಿ ಹಾಕಿಕೊಳ್ಳುವವನು ನಾನೇ.

ಮದ್ದುಗುಂಡು ಏನಿಲ್ಲ, ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್ ಅಷ್ಟೇ. 4.5 ಮಿಲಿಮೀಟರಿನ ಪೆಲೆಟ್ ಅನ್ನೋ ಪುಟ್ಟ ಸೀಸದ ಗುಂಡು, 10 ಮೀಟರ್ ದೂರದ ಗುರಿ. ಇಷ್ಟೇನಾ ಅಂದುಕೊಂಡಿದ್ದೆ. ಆದರೆ ಹತ್ತು ಅಂಕದ ಆ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಸಾಸಿವೆ ಕಾಳೂ ಅದಕ್ಕಿಂತ ದೊಡ್ಡದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ ಆಟದಲ್ಲಿ. ಆಗ ಟಿವಿ ಮುಂದೆ ಕೂತು, 'ಸುಮ್ನೆ ನಿಂತು ಹೊಡೆಯೋದರಲ್ಲೇನಿದೆ' ಅಂದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ.

ಎದೆಬಡಿತಕ್ಕೇ ನಳಿಗೆ ಅಲುಗಾಡುತ್ತದೆ, ಗೊತ್ತಾ? ಅರ್ಧ ಉಸಿರು ಬಿಟ್ಟು, ತಡೆದು, ಟ್ರಿಗರ್ ಮೆಲ್ಲಗೆ ಒತ್ತಬೇಕು. ಆ ಹೊತ್ತಿನಲ್ಲಿ ಆಫೀಸು, ಇಎಂಐ ಯಾವುದೂ ತಲೆಯಲ್ಲಿ ಇರುವುದಿಲ್ಲ. ಧ್ಯಾನದ ಕ್ಲಾಸಿನಲ್ಲಿ ಗೊರಕೆ ಹೊಡೆದು ಬಂದವನಿಗೆ ಇದು ದೊಡ್ಡ ವಿಷಯವೇ.

ಕೋಚ್ ಬಹಳ ಕಟ್ಟುನಿಟ್ಟು. ನಳಿಗೆ ಗುರಿ ಬಿಟ್ಟು ಸ್ವಲ್ಪ ಆಚೆ ತಿರುಗಿದರೂ ಬೈಗುಳ ಗ್ಯಾರಂಟಿ. ಹಾಗಾಗಿ ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಪಾರ್ಕಿಂಗ್ ಮಾತ್ರ ಕಷ್ಟ, ಸ್ಕೂಟರೇ ವಾಸಿ.

ಅಂದಹಾಗೆ, ಮಗಳ ಸ್ಕೋರ್ ನನಗಿಂತ ಜಾಸ್ತಿ. ಎಷ್ಟು ಅಂತ ಮಾತ್ರ ಕೇಳಬೇಡಿ.