ಗಿರಮಿಟ್ ಅಂಗಡಿಯ ನಾಲ್ಕು ನಾಣ್ಯ

2023ರ ಮಳೆಗಾಲ. ಹುಬ್ಬಳ್ಳಿಯ ಬ್ಯಾಂಕೊಂದರ ಕ್ಯಾಶ್ ಕೌಂಟರ್‌ನಲ್ಲಿ ನಾನಿನ್ನೂ ಹೊಸಬ. ದುರ್ಗದ ಬೈಲಿನಲ್ಲಿ ಗಿರಮಿಟ್, ಮಿರ್ಚಿ ಮಾರುವ ಅಕ್ಕ ವಾರಕ್ಕೊಮ್ಮೆ ಚಿಲ್ಲರೆ ತರುತ್ತಿದ್ದರು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಅದರಲ್ಲಿ ನೂರು ನೂರು ನಾಣ್ಯ ಕಟ್ಟಿರುತ್ತಿದ್ದರು. ಎಣಿಸಿದರೆ ಬೆರಳಿಗೆ ಎಣ್ಣೆ ಜಿಡ್ಡು.

ಅವತ್ತು ಹತ್ತು ರೂಪಾಯಿಯ ಗಂಟಿನಲ್ಲಿ ನಾಲ್ಕು ನಾಣ್ಯ ಬೇರೆ ಥರ ಇದ್ದವು. ಮೇಲೆ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಗುರುತು. ‘ಇವು ನಡೆಯೋದಿಲ್ಲ, ನೆನಪಿಗೆ ಇಟ್ಟುಕೊಳ್ಳೋ ನಾಣ್ಯ’ ಎಂದು ಪಕ್ಕಕ್ಕೆ ಸರಿಸಿದೆ. ಆಗಷ್ಟೇ ಹೊಸ ಸಂಸತ್ ಭವನದ ನೆನಪಿಗೆ 75 ರೂಪಾಯಿಯ ನಾಣ್ಯ ಬಂದಿತ್ತು. 35 ಗ್ರಾಂ ತೂಕ, ಅರ್ಧ ಬೆಳ್ಳಿ. ಅದು ಸಂಗ್ರಹಕಾರರಿಗೆ ಮಾರುವಂಥದ್ದು. ನನ್ನ ತಲೆಯಲ್ಲಿ ಎರಡೂ ಕಲಸಿಹೋಗಿದ್ದವು.

“ಅಲ್ರೀ ಸಾಹೇಬ್ರ, ಸಿಂಹ ಐತಿ, ಹತ್ತು ಅಂತ ಬರದೈತಿ. ಬ್ಯಾಂಕಿನವ್ರ ಒಲ್ಲೆ ಅಂದ್ರ ನಾ ಯಾರಿಗೆ ಕೊಡ್ಲಿರಿ?”

ಹಿರಿಯ ಕ್ಯಾಷಿಯರ್ ಎದ್ದು ಬಂದು, ‘ಯಾವ ನಿಯಮ?’ ಎಂದಷ್ಟೇ ಕೇಳಿದರು. ನನ್ನ ಹತ್ತಿರ ಯಾವ ನಿಯಮವೂ ಇರಲಿಲ್ಲ. ನಾಲ್ಕನ್ನೂ ರಾಶಿಗೆ ಸೇರಿಸಿ ಹೋದರು.

ಸಂಜೆ ಕೂತು 2011ರ ನಾಣ್ಯ ಕಾಯ್ದೆ ಓದಿದೆ. 1906ರ ಹಳೆ ಕಾಯ್ದೆ ತೆಗೆದು ತಂದದ್ದು. ನಾಣ್ಯ ಹೀಗೇ ಕಾಣಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಸಾವಿರ ರೂಪಾಯಿವರೆಗಿನ ನಾಣ್ಯದ ಅಳತೆ, ವಿನ್ಯಾಸ, ಲೋಹ ಎಲ್ಲ ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆಯಲ್ಲಿ ಹೇಳಿದ ಹಾಗೆ. ಸ್ವಾತಂತ್ರ್ಯದ 75ನೇ ವರ್ಷಕ್ಕೆ ಅಂತ ಬೇರೆ ನಾಣ್ಯ ತರೋಕೆ ಸಂಸತ್ತಿನಲ್ಲಿ ಹೊಸ ಕಾನೂನೇ ಬೇಕಿಲ್ಲ. 2022ರ ಜೂನ್‌ನಲ್ಲಿ ಬಿಡುಗಡೆಯಾದ 1, 2, 5, 10, 20 ರೂಪಾಯಿಯ ಈ ಸರಣಿ ಓಡಾಟಕ್ಕೇ ಬಂದದ್ದು.

ನೋಟಿನ ಕಥೆ ಬೇರೆ. ಅದರ ವಿನ್ಯಾಸಕ್ಕೆ ರಿಸರ್ವ್ ಬ್ಯಾಂಕಿನ ಮಂಡಳಿ ಶಿಫಾರಸು ಮಾಡಬೇಕು, ಸರ್ಕಾರ ಒಪ್ಪಬೇಕು. ನಾಣ್ಯ ಮಾತ್ರ ನೇರ ಸರ್ಕಾರದ್ದು, ರಿಸರ್ವ್ ಬ್ಯಾಂಕ್ ಹಂಚುತ್ತದೆ ಅಷ್ಟೇ. ಇನ್ನೊಂದು ತಮಾಷೆ: ಈ ಕಾಯ್ದೆಯ ಲೆಕ್ಕದಲ್ಲಿ ಒಂದು ರೂಪಾಯಿ ನೋಟು ಕೂಡ ನಾಣ್ಯವೇ! ಹತ್ತರ ನಾಣ್ಯದಲ್ಲೇ 14 ವಿನ್ಯಾಸ ಇವೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಈಗ ಗುರುತು ಸಿಗದ ನಾಣ್ಯ ಬಂದರೆ ಬೇಡ ಅನ್ನುವ ಮೊದಲು ಅಧಿಸೂಚನೆ ಹುಡುಕುತ್ತೇನೆ.

ಮುಂದಿನ ವಾರ ಅಕ್ಕ ಬಂದರು. ಅಮೃತ ಮಹೋತ್ಸವದ ಏಳು ನಾಣ್ಯಗಳನ್ನು ಬೇರೆಯೇ ಗಂಟು ಕಟ್ಟಿ ಮೊದಲು ಅದನ್ನೇ ಕೌಂಟರ್ ಮೇಲಿಟ್ಟರು. “ಇವ್ನ ಮೊದ್ಲ ಎಣಸ್ರಿ” ಅಂದರು.